ಚಕ್ರದ ಮನೆಯಲ್ಲಿ ಬಯಲಿಗೆ ಬರುವವರಿಗೆ

ಕ್ಯಾರವಾನ್ ಬಾಡಿಗೆಗೆ ಹಿಡಿದು, ಮಕ್ಕಳನ್ನು ಕಟ್ಟಿಕೊಂಡು ಶಹಾಪುರ, ಸುರಪುರ, ಬೋನಾಳ ಅಂತ ನಮ್ಮ ಬಯಲು ತಿರುಗಲು ಬರುತ್ತೇವೆ ಅಂದಿದ್ದೀರಿ. ಚಲೋ ಆಯಿತು, ಬನ್ನಿ. ಅರಿಝೋನಾದ ಮರುಭೂಮಿಯಲ್ಲಿ ಆರ್‌ವಿ ಓಡಿಸಿದವರು ನೀವು. ಬಿಸಿಲು, ದೂರ, ಊರಿಲ್ಲದ ರಸ್ತೆ ನಿಮಗೆ ಹೊಸದಲ್ಲ. ನಮ್ಮದು ಮರುಭೂಮಿಯಲ್ಲ, ಎರೆಭೂಮಿ. ಮಳೆಗಾಲದಲ್ಲಿ ತೊಗರಿ, ಹತ್ತಿ, ಹಿಂಗಾರಿಗೆ ಬಿಳಿಜೋಳ ಕೊಡುವ ನೆಲ ಇದು. ಆದರೆ ಜೋಳ ಕೊಯ್ದ ಮೇಲೆ ಮುಂಗಾರು ಬೀಳುವ ತನಕ ಇದನ್ನು ನೋಡಿದವರು ಮರುಭೂಮಿ ಅಂದರೂ ತಪ್ಪು ಹೇಳಿದರು ಅನ್ನಲಾರೆ. ಕಣ್ಣು ಹಾಯುವ ತನಕ ಕಪ್ಪು ನೆಲ, ನೆಲದ ತುಂಬ ಕೈ ಇಳಿಯುವಷ್ಟು ಅಗಲದ ಬಿರುಕು, ನಡುವೆ ಒಂದು ಜಾಲಿ, ಒಂದು ಬೇವು.

ನಿಮ್ಮ ಗಾಡಿಯಲ್ಲಿ ಹಾಸಿಗೆ ಇದೆ, ಒಲೆ ಇದೆ, ಪಾಯಖಾನೆ ಇದೆ, ಮೇಲೆ ಸೋಲಾರ್ ಇದೆ. ಇಷ್ಟೆಲ್ಲ ಇದ್ದಾಗ ಯಾರ ಹಂಗೂ ಬೇಡ ಅನ್ನಿಸುತ್ತದೆ. ನನಗೆ ಇರುವ ಒಂದೇ ಆತಂಕ ಅದು. ಈ ನೆಲದಲ್ಲಿ ಬೇಸಿಗೆಯಲ್ಲಿ ತಿರುಗಾಡಿ ಬದುಕಿದವರು ಯಾರೂ ಊರಿನ ಹಂಗು ಬಿಟ್ಟು ಬದುಕಿಲ್ಲ. ನೀರು ಎಲ್ಲಿದೆ, ನೆರಳು ಯಾರದು, ರಾತ್ರಿ ಎಲ್ಲಿ ನಿಲ್ಲಬೇಕು ಎಂಬ ಮೂರೂ ಮಾತನ್ನು ಕೇಳಿಯೇ ತಿಳಿಯಬೇಕು. ಮೊಬೈಲಿನ ನಕ್ಷೆಗೆ ಇವು ಗೊತ್ತಿಲ್ಲ.

ಅಮೆರಿಕದಲ್ಲಿ ಸರ್ಕಾರದ ಬಯಲು ಭೂಮಿ ಬೇಕಾದಷ್ಟಿದೆ. ಕ್ವಾರ್ಟ್ಸ್‌ಸೈಟ್‌ನಂಥ ಕಡೆ ಸಾವಿರಾರು ಗಾಡಿಗಳು ಚಳಿಗಾಲ ಕಳೆಯುತ್ತವೆ. ಎಷ್ಟೋ ಕಡೆ ಯಾರನ್ನೂ ಕೇಳದೆ 14 ದಿನ ಬೀಡುಬಿಡಬಹುದು. ಇಲ್ಲಿ ಹಾಗಿಲ್ಲ. ಖಾಲಿ ಕಂಡ ನೆಲಕ್ಕೂ ಒಬ್ಬ ಒಡೆಯನಿದ್ದಾನೆ. ಕೊಯ್ಲಾದ ಹೊಲ ಅಂದುಕೊಂಡು ನೀವು ಗಾಡಿ ಇಳಿಸುವ ಜಾಗದಲ್ಲಿ ಮೇವಿನ ಬಣವೆ ಒಟ್ಟುವುದು ಇರಬಹುದು, ಮೆಣಸಿನಕಾಯಿ ಹರಡುವ ಕಣ ಇರಬಹುದು, ಕುರಿ ನಿಲ್ಲಿಸಲು ಮೊದಲೇ ಮಾತಾಗಿರಬಹುದು. ಗೋಮಾಳವಾದರೂ ಊರಿನ ದನಕ್ಕೆ ಬೇಕಾದದ್ದು. ಹಾಗಾಗಿ ಸಂಜೆ ಐದರೊಳಗೆ ಒಂದು ಊರು ಮುಟ್ಟಿ, ಗಾಡಿ ಹೊರಗೆ ನಿಲ್ಲಿಸಿ, ನಡೆದು ಒಳಗೆ ಹೋಗಿ. ಅಗಸಿ ಕಟ್ಟೆಯ ಮೇಲೆ ಕೂತ ಹಿರಿಯರನ್ನು ಮಾತಾಡಿಸಿ. ‘ರಾತ್ರಿ ಎಲ್ಲಿ ನಿಂದರಬೇಕ್ರಿ?’ ಅಂತ ಕೇಳಿದರೆ ಸಾಕು. ಶಾಲೆಯ ಅಂಗಳವೋ, ಗುಡಿಯ ಮುಂದಿನ ಬೇವಿನ ಬುಡವೋ, ಪಂಚಾಯಿತಿ ಕಟ್ಟಡದ ಪಕ್ಕವೋ, ಯಾವುದಾದರೂ ಒಂದನ್ನು ತೋರಿಸುತ್ತಾರೆ. ತೋರಿಸಿದ ಮೇಲೆ ನಿಮ್ಮ ರಾತ್ರಿಯ ಹೊಣೆ ಊರಿನದು. ಯಾರಾದರೂ ಬಂದು ‘ಊಟ ಆತೇನ್ರಿ’ ಅಂತ ಕೇಳಿಯೇ ಕೇಳುತ್ತಾರೆ. ಕತ್ತಲಾದ ಮೇಲೆ ಗೊತ್ತಿಲ್ಲದ ಊರಿನ ಮಗ್ಗುಲಲ್ಲಿ ದೊಡ್ಡ ಗಾಡಿ ನಿಂತು ದೀಪ ಹಾಕಿಕೊಂಡಿದ್ದರೆ ಅದೇ ಜನಕ್ಕೆ ಭಯವಾಗುತ್ತದೆ. ಭಯಪಟ್ಟವರ ಎದುರು ಆಗ ಸಮಜಾಯಿಷಿ ಹೇಳುವುದು ಕಷ್ಟ.

ಇನ್ನು ನೀರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮಾರ್ಚ್ ನಡುವಿನಿಂದ ಇಲ್ಲಿ ಒಬ್ಬರಿಗೆ ದಿನಕ್ಕೆ ನಾಲ್ಕೈದು ಲೀಟರ್ ಕುಡಿಯುವ ನೀರು ಬೇಕು ಅಂತ ಲೆಕ್ಕ ಇಟ್ಟುಕೊಳ್ಳಿ. ಅಡಿಗೆ, ಮೈತೊಳೆಯುವುದು ಬೇರೆ. ಗಾಡಿಯ ತೊಟ್ಟಿ ತುಂಬಿದೆ ಅಂತ ಸುಮ್ಮನಾಗಬೇಡಿ. ಬಿಸಿಲಿಗೆ ಆ ತೊಟ್ಟಿಯ ನೀರು ಮಧ್ಯಾಹ್ನದ ಹೊತ್ತಿಗೆ ಕಾಯ್ದಿರುತ್ತದೆ, ಮಕ್ಕಳು ಬಾಯಿಗೆ ಹಾಕುವುದಿಲ್ಲ. ಒಂದು ಮಣ್ಣಿನ ಹರವಿ ಕೊಂಡು, ಒದ್ದೆ ಅರಿವೆ ಸುತ್ತಿ, ಅಲುಗಾಡದ ಹಾಗೆ ಮೂಲೆಯಲ್ಲಿ ಕೂರಿಸಿ. ಫ್ರಿಜ್ಜಿನ ನೀರಿಗಿಂತ ಅದು ಗಂಟಲಿಗೂ ಒಳ್ಳೆಯದು, ಬ್ಯಾಟರಿಯನ್ನೂ ತಿನ್ನುವುದಿಲ್ಲ.

ಕಂಡ ಕೊಳವೆಬಾವಿಯ ನೀರು ಕುಡಿಯಬೇಡಿ. ನಮ್ಮ ಭಾಗದ ಅಂತರ್ಜಲದಲ್ಲಿ ಹಲವು ಕಡೆ ಫ್ಲೋರೈಡ್ ಹೆಚ್ಚು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿ, ಅಲ್ಲಿನ ಜನ ಚರ್ಮದ ಕಾಯಿಲೆಯಿಂದ ಕಷ್ಟಪಟ್ಟದ್ದು ಎಲ್ಲರಿಗೂ ತಿಳಿದ ಸಂಗತಿ. ನೀರು ನೋಡಲು ತಿಳಿಯಾಗಿರುತ್ತದೆ, ರುಚಿಯೂ ಕೆಡುವುದಿಲ್ಲ, ವಿಷ ಮಾತ್ರ ಒಳಗಿರುತ್ತದೆ. ಕುದಿಸಿದರೂ ಅದು ಹೋಗುವುದಿಲ್ಲ. ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳಿವೆ, ನಾಣ್ಯ ಹಾಕಿದರೆ ಕೊಡ ತುಂಬುತ್ತದೆ. ಯಾವ ಘಟಕ ನಡೆಯುತ್ತಿದೆ, ಯಾವುದು ಕೆಟ್ಟು ನಿಂತಿದೆ ಎಂಬುದನ್ನು ಕೊಡ ಹೊತ್ತು ಬರುವ ಹೆಣ್ಣುಮಕ್ಕಳನ್ನು ಕೇಳಿ. ಸರದಿಯಲ್ಲಿ ಅವರ ಹಿಂದೆ ನಿಲ್ಲಿ. ಪೈಪು ಹಚ್ಚಿ ಇನ್ನೂರು ಲೀಟರ್ ತೊಟ್ಟಿ ತುಂಬಲು ಹೋಗಬೇಡಿ. ಬೇಸಿಗೆಯಲ್ಲಿ ಊರಿನ ಹೆಂಗಸರ ಅರ್ಧ ಮುಂಜಾನೆ ಆ ಸರದಿಯಲ್ಲಿಯೇ ಕಳೆಯುತ್ತದೆ. ತೊಳೆಯುವ ಬಳಸುವ ನೀರು ಬೇಕಾದರೆ ಶಹಾಪುರ, ಸುರಪುರದಲ್ಲಿ ದುಡ್ಡು ಕೊಟ್ಟು ಟ್ಯಾಂಕರ್‌ನವರ ಹತ್ತಿರ ತುಂಬಿಸಿಕೊಳ್ಳಿ.

ನಾರಾಯಣಪುರದ ಬಸವಸಾಗರದಿಂದ ಬರುವ ಎಡದಂಡೆ ಕಾಲುವೆ ನೋಡಿದರೆ ಮಕ್ಕಳಿಗೆ ಆಸೆಯಾಗುತ್ತದೆ. ಸುತ್ತ ಒಣಭೂಮಿ, ನಡುವೆ ತುಂಬಿ ಹರಿಯುವ ನೀರು, ಆಚೆ ಕಡೆ ಹಸಿರು ಗದ್ದೆ. ಈಜು ಎಷ್ಟೇ ಬಂದರೂ ಇಳಿಸಬೇಡಿ. ಕಾಂಕ್ರೀಟಿನ ದಂಡೆ ಇಳಿಜಾರು, ಪಾಚಿ ಹಿಡಿದಿರುತ್ತದೆ, ಒಳಗೆ ಸೆಳೆತ ಜೋರು; ಇಳಿದವರಿಗೆ ಹತ್ತಲು ಹಿಡಿತ ಸಿಗುವುದಿಲ್ಲ. ತಿಂಥಣಿಯ ಮೌನೇಶ್ವರನ ದರ್ಶನಕ್ಕೆ ಹೋದಾಗ ಕೃಷ್ಣೆಯಲ್ಲಿ ಕಾಲು ತೊಳೆಯುವುದಿದ್ದರೆ, ಜನ ಇಳಿಯುವ ಮೆಟ್ಟಿಲಿನಲ್ಲಷ್ಟೇ ತೊಳೆಯಿರಿ. ಈ ಹರಿವಿನಲ್ಲಿ ಮೊಸಳೆಗಳಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಅವು ಮಡುವಿನಲ್ಲಿ, ಬಂಡೆಯ ಮೇಲೆ ಇರುತ್ತವೆ.

ನೀರಿನ ಸುತ್ತಲೇ ಬೇಸಿಗೆ ಕಳೆಯುವುದು ಇಲ್ಲಿ ಇಂದು ನಿನ್ನೆಯದಲ್ಲ. ಹುಣಸಗಿಯ ಹತ್ತಿರ ಇಸಾಂಪುರ ಅಂತ ಊರಿದೆ. ಅಲ್ಲಿ ಆದಿಮಾನವರು ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವನ್ನು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಅಗೆದು ತೋರಿಸಿದರು. ಸುಮಾರು 12 ಲಕ್ಷ ವರ್ಷದಷ್ಟು ಹಳೆಯದು ಅಂತ ಅದರ ಕಾಲ ಗೊತ್ತುಮಾಡಿದ್ದಾರೆ. ಹುಣಸಗಿ, ಬೈಚಬಾಳ ಕಣಿವೆಗಳನ್ನು ಹತ್ತಾರು ವರ್ಷ ಕಾಲ್ನಡಿಗೆಯಲ್ಲಿ ತಿರುಗಿದ ಪದ್ದಯ್ಯನವರು ಒಂದು ಮಾತು ಹೇಳಿದ್ದಾರೆ: ಮಳೆಗಾಲದಲ್ಲಿ ಆ ಜನ ಸಣ್ಣ ಸಣ್ಣ ಗುಂಪಾಗಿ ಕಣಿವೆಯ ತುಂಬ ಚದುರುತ್ತಿದ್ದರು, ಬೇಸಿಗೆ ಬಂತೆಂದರೆ ಸೆಲೆ ಬತ್ತದ ಹಳ್ಳಗಳ ಹತ್ತಿರ ಒಟ್ಟುಗೂಡುತ್ತಿದ್ದರು. ಅಲ್ಲಿಂದ ಬಹಳ ಈಚೆಗೆ, ನವಶಿಲಾಯುಗದ ದನಗಾಹಿಗಳು ಬೂದಿಹಾಳ, ಕೊಡೇಕಲ್ಲಿನಲ್ಲಿ ದನದ ದೊಡ್ಡಿ ಹಾಕಿ, ಸಗಣಿ ಸುಟ್ಟು, ದಿಬ್ಬದಂಥ ಬೂದಿರಾಶಿ ಬಿಟ್ಟುಹೋಗಿದ್ದಾರೆ. ಈ ಜಾಗಗಳನ್ನು ನಿಮ್ಮ ದಾರಿಯಲ್ಲಿ ಇಟ್ಟುಕೊಳ್ಳಿ. ಹಂಪಿ, ಬಾದಾಮಿಯ ಹಾಗೆ ಕಣ್ಣಿಗೆ ದೊಡ್ಡದಾಗಿ ಏನೂ ಕಾಣುವುದಿಲ್ಲ, ಕಲ್ಲಿನ ಚೂರು, ಬೂದಿಯ ಮಣ್ಣು ಅಷ್ಟೇ. ಆದರೆ ಮನೆಯನ್ನು ಜೊತೆಯಲ್ಲಿ ಒಯ್ಯುತ್ತ ಬದುಕಿದವರ ಇಷ್ಟು ಹಳೆಯ ಬೀಡುಗಳು ದಕ್ಷಿಣ ಭಾರತದಲ್ಲಿ ಸಿಗುವುದು ಅಪರೂಪ. ದಯಮಾಡಿ ಮಕ್ಕಳ ಕೈಯಲ್ಲಿ ಒಂದು ಚೂರು ಕಲ್ಲನ್ನೂ ತರಿಸಬೇಡಿ. ಇದ್ದಲ್ಲಿಂದ ಎತ್ತಿದ ಕಲ್ಲು ಮತ್ತೆ ಯಾರಿಗೂ ಏನೂ ಹೇಳಲಾರದು.

ಮನೆಯನ್ನು ಜೊತೆಯಲ್ಲಿ ಒಯ್ಯುತ್ತ ಬದುಕುವ ಪದ್ಧತಿಯನ್ನು ಇಲ್ಲಿನ ಜನ ಇವತ್ತಿಗೂ ಬಿಟ್ಟಿಲ್ಲ. ದಾರಿಯಲ್ಲಿ ಕುರಿ ಹಿಂಡು ಸಿಗುತ್ತದೆ. ಹಿಂದೆ ಕುದುರೆಯೋ ಕತ್ತೆಯೋ, ಅದರ ಮೇಲೆ ಪಾತ್ರೆ, ಕಂಬಳಿ, ಬಲೆ, ನಡೆಯಲಾರದ ಮರಿ. ಹಗಲು ಮೇಯಿಸಿ ರಾತ್ರಿ ಯಾರದೋ ಹೊಲದಲ್ಲಿ ಕುರಿ ತರುಬುತ್ತಾರೆ. ಹಿಕ್ಕೆ ಗೊಬ್ಬರ ಹೊಲದವನಿಗೆ, ಅದಕ್ಕೆ ಬದಲಾಗಿ ಕಾಳೋ ಕಾಸೋ ಕುರುಬನಿಗೆ. ಎಲ್ಲಿ ನೀರು ಉಳಿದಿದೆ, ಯಾವ ಹಳ್ಳ ದಾಟಬಹುದು, ಮೋಡ ಯಾವ ಕಡೆ ಕಟ್ಟುತ್ತಿದೆ ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಹಿಂಡು ಕಂಡರೆ ಹಾರ್ನ್ ಹೊಡೆಯದೆ ಗಾಡಿ ನಿಲ್ಲಿಸಿ, ದಾಟುವ ತನಕ ಕಾಯಿರಿ, ಎರಡು ಮಾತಾಡಿಸಿ. ತಾಂಡಾಗಳಲ್ಲಿ ಲಂಬಾಣಿ ಹಿರಿಯರು ಸಿಕ್ಕರೆ ಲದೇಣಿಯ ಕಥೆ ಕೇಳಿ. ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಸಂಸಾರ ಸಮೇತ ನಾಡು ದಾಟುತ್ತಿದ್ದ ಜನ ಅವರ ಪೂರ್ವಜರು. ನಿಮ್ಮ ಮಕ್ಕಳಿಗೆ ಕ್ಯಾರವಾನ್ ಅಂದರೆ ಏನು ಅಂತ ಅವರಿಗಿಂತ ಚೆನ್ನಾಗಿ ತಿಳಿಸುವವರು ಸಿಗಲಾರರು.

ಬೋನಾಳಕ್ಕೆ ಬರೋಣ. ಸುರಪುರದಿಂದ ಹತ್ತು-ಹನ್ನೆರಡು ಕಿಲೋಮೀಟರ್. ಸುರಪುರದ ನಾಯಕರ ಕಾಲದ ಕೆರೆ. ಹತ್ತೊಂಬತ್ತನೇ ಶತಮಾನದ ನಡುವೆ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಈ ಕೆರೆಯನ್ನು ಬಹಳ ಹಚ್ಚಿಕೊಂಡಿದ್ದ. ಅವನ ಆತ್ಮಕಥೆಯಲ್ಲಿಯೂ ಬೋನಾಳ ಬರುತ್ತದೆ. ಈಗ ಪಕ್ಷಿಧಾಮ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಳಿಯುತ್ತವೆ, ಹಗಲು ನೀರಿನಲ್ಲಿ, ನಸುಕು ಮುಸ್ಸಂಜೆ ಹೊಲಗಳಲ್ಲಿ. ಶಿವರಾತ್ರಿ ಕಳೆದು ಬಿಸಿಲೇರಿದಂತೆ ಅವು ಉತ್ತರಕ್ಕೆ ಹೊರಡುತ್ತವೆ. ಫೆಬ್ರವರಿ ಕೊನೆ ದಾಟಿ ಬಂದರೆ ಅವು ಸಿಗುತ್ತವೆ ಅಂತ ನಂಬಬೇಡಿ. ನೀರು ಉಳಿದಿದ್ದರೆ ನೀರುಕಾಗೆ, ಬೆಳ್ಳಕ್ಕಿ, ನಾಮದ ಕೋಳಿ, ಜೊಂಡಿನ ನಡುವೆ ನೇರಳೆ ಜಂಬುಕೋಳಿ ಇರುತ್ತವೆ.

ಕೆರೆಯ ಏರಿಯ ಮೇಲೆ ಗಾಡಿ ಹತ್ತಿಸಬೇಡಿ. ನೀರಂಚಿನಲ್ಲಿ ಬೀಡು ಬಿಡಲೇಬೇಡಿ. ಚಿತ್ರದಲ್ಲಿ ಅದು ಸುಂದರವಾಗಿ ಕಾಣುತ್ತದೆ, ನಿಜ. ಆದರೆ ಬೇಸಿಗೆಯಲ್ಲಿ ನೀರು ಕುಗ್ಗಿದಾಗ ಹಕ್ಕಿಗಳಿಗೆ ಉಳಿದಿರುವುದು ಆ ಅಂಚು ಒಂದೇ. ಊರಿನ ದನಕರು ಬಂದು ನೀರು ಕುಡಿಯುವುದೂ ಅಲ್ಲೇ. ನಿಮ್ಮ ಗಾಡಿ ಒಂದು ರಾತ್ರಿ ಅಲ್ಲಿ ನಿಂತರೆ ಇಬ್ಬರಿಗೂ ದಾರಿ ಬಂದ್. ಗಾಡಿಯನ್ನು ದೂರ ರಸ್ತೆಯ ಬದಿಗೆ ಬಿಟ್ಟು, ಬೆಳಗು ಹರಿಯುವ ಮೊದಲೇ ನಡೆದು ಹೋಗಿ, ಎಂಟರೊಳಗೆ ಹಿಂತಿರುಗಿ. ಪಾತ್ರೆ ತೊಳೆದ ನೀರು, ಪಾಯಖಾನೆಯ ತೊಟ್ಟಿ ಇವನ್ನು ಕೆರೆಗೋ ಹಳ್ಳಕ್ಕೋ ಬಿಡುವುದನ್ನು ಮನಸ್ಸಿನಲ್ಲಿಯೂ ನೆನೆಯಬೇಡಿ. ಪಟ್ಟಣ ಮುಟ್ಟುವ ತನಕ ಹೊತ್ತುಕೊಂಡು ಹೋಗಿ, ಸರಿಯಾದ ಕಡೆ ಖಾಲಿ ಮಾಡಿ.

ರಸ್ತೆಯ ಮಾತು. ಜೇವರ್ಗಿಯಿಂದ ಶಹಾಪುರ, ಸುರಪುರ, ತಿಂಥಣಿ ಸೇತುವೆ ದಾಟಿ ಲಿಂಗಸೂಗೂರಿಗೆ ಹೋಗುವ ಹೆದ್ದಾರಿ ಸಲೀಸು. ಅದನ್ನು ಬಿಟ್ಟು ಒಳಗೆ ಇಳಿದ ಮೇಲೆ ಎಚ್ಚರ ಬೇಕು. ಸುಗ್ಗಿಯ ದಿನಗಳಲ್ಲಿ ನಮ್ಮ ರೈತರು ಡಾಂಬರು ರಸ್ತೆಯ ಮೇಲೆಯೇ ತೆನೆ ಹರಡಿ ಒಕ್ಕುತ್ತಾರೆ. ಹರಡಬಾರದು, ಆದರೆ ಕಣ ಇಲ್ಲದವರು ಏನು ಮಾಡಬೇಕು. ಅದರ ಮೇಲೆ ಗಾಡಿ ಓಡಿಸಬೇಡಿ. ಒಣಹುಲ್ಲು ಅಡಿಯಲ್ಲಿ ಸುತ್ತಿಕೊಂಡು, ಕಾಯ್ದ ಸೈಲೆನ್ಸರಿಗೆ ತಾಗಿ ಬೆಂಕಿ ಹಿಡಿದ ಗಾಡಿಗಳುಂಟು, ಮತ್ತೆ ನಿಮ್ಮ ಗಾಡಿಯೊಳಗೆ ಗ್ಯಾಸ್ ಸಿಲಿಂಡರ್ ಇದೆ. ಇಳಿದು ಕೇಳಿದರೆ ಅವರೇ ಸರಿಸಿ ದಾರಿ ಕೊಡುತ್ತಾರೆ. ಗಾಡಿ ಓಡುವಾಗ ಸಿಲಿಂಡರಿನ ವಾಲ್ವ್ ಬಂದ್ ಇರಲಿ. ಊರೊಳಗೆ ಕರೆಂಟಿನ ತಂತಿಗಳು ಜೋತುಬಿದ್ದಿರುತ್ತವೆ. ನಿಮ್ಮ ಗಾಡಿಯ ಎತ್ತರ ಎಷ್ಟು ಅಂತ ಬಾಯಿಪಾಠ ಇರಲಿ, ಅನುಮಾನ ಬಂದಲ್ಲಿ ಒಬ್ಬರು ಇಳಿದು ನೋಡಿ. ಗಾಡಿಯನ್ನು ಬಳ್ಳಾರಿ ಜಾಲಿಯ ನೆರಳಿಗೆ ಒತ್ತಬೇಡಿ, ಅದರ ಮುಳ್ಳು ಟಯರನ್ನು ಉಳಿಸುವುದಿಲ್ಲ. ಬೇವು, ಹುಣಸೆ ಹುಡುಕಿ. ರಾತ್ರಿ ಓಡಿಸಲೇಬೇಡಿ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರುಗಳು, ಹತ್ತಿ ಹೇರಿದ ಗಾಡಿಗಳು ಕತ್ತಲಲ್ಲಿ ಕಾಣುವುದೇ ಇಲ್ಲ.

ಎರೆನೆಲ ಒಣಗಿದ್ದಾಗ ಕಲ್ಲಿನಷ್ಟು ಗಟ್ಟಿ. ಅದನ್ನು ನಂಬಿ ಹೊಲದ ದಾರಿಯಲ್ಲಿ ಒಳಗೆ ಹೋಗಿಬಿಡುತ್ತೀರಿ. ಮಾರ್ಚ್ ಕೊನೆಗೆ, ಏಪ್ರಿಲಿನಲ್ಲಿ ಸಂಜೆಯ ಹೊತ್ತು ಗಾಳಿ ಎದ್ದು, ಅರ್ಧ ತಾಸು ಆಲಿಕಲ್ಲು ಮಳೆ ಹೊಡೆದು ಹೋಗುವುದುಂಟು. ಅಷ್ಟೇ ಸಾಕು, ಆ ನೆಲ ಮೇಣವಾಗುತ್ತದೆ. ಎರಡು ಎತ್ತು ಕಟ್ಟಿದ ಖಾಲಿ ಬಂಡಿಯೇ ಅದರಲ್ಲಿ ಹೂತು ನಿಲ್ಲುತ್ತದೆ. ಮೂರು ಟನ್ ಗಾಡಿಯ ಪಾಡು ಹೇಳಬೇಕಾಗಿಲ್ಲ. ಮೂಡಣವಾಗಲಿ ಪಡುವಣವಾಗಲಿ ಮೋಡ ಕಪ್ಪಾದರೆ ಡಾಂಬರಿಗೆ ಮರಳಿ. ಸಿಡಿಲು ಬೇಸಿಗೆಯ ಮಳೆಯಲ್ಲಿಯೇ ಹೆಚ್ಚು. ಬಟ್ಟಬಯಲಿನ ಒಂಟಿಮರದ ಕೆಳಗೆ ನಿಂತ ಕುರಿಗಾಹಿಗಳು, ಹೊಲದಲ್ಲಿ ದುಡಿಯುವವರು ಪ್ರತಿವರ್ಷ ಸಾಯುತ್ತಾರೆ. ಗುಡುಗು ಕೇಳಿದ ಕೂಡಲೇ ಮಕ್ಕಳನ್ನು ಗಾಡಿಯೊಳಗೆ ಕರೆದು ಬಾಗಿಲು ಹಾಕಿ, ಲೋಹದ ಗೋಡೆ ಮುಟ್ಟದಂತೆ ಕೂರಿಸಿ. ಹತ್ತಿರ ಯಾರಾದರೂ ಕುರಿಗಾಹಿ ಹುಡುಗ ನೆನೆಯುತ್ತ ನಿಂತಿದ್ದರೆ ಅವನನ್ನೂ ಒಳಗೆ ಕರೆಯಿರಿ.

ದಿನದ ಲೆಕ್ಕವನ್ನು ಸೂರ್ಯನಿಗೆ ಬಿಡಿ. ಬೆಳಗಿನ ಐದಕ್ಕೆ ಎದ್ದರೆ ತಂಪಿನಲ್ಲಿ ಒಂದು ಜಾಗ ನೋಡಿ ಮುಗಿಸಬಹುದು. ಶಹಾಪುರದ ಬೆಟ್ಟಸಾಲಿನಲ್ಲಿ ಮಲಗಿದ ಬುದ್ಧನ ಆಕಾರ ಬೆಳಗಿನ ಬೆಳಕಿನಲ್ಲಿ ಕಾಣುವಷ್ಟು ಚೆನ್ನಾಗಿ ಮತ್ತೆ ಕಾಣುವುದಿಲ್ಲ. ಅಲ್ಲೇ ಹತ್ತಿರ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದವರು ಸಾಲಾಗಿ ಜೋಡಿಸಿದ ಬಂಡೆಗಳಿವೆ. ರಾಜನಕೋಳೂರಿನಲ್ಲಿ ಅದೇ ಕಾಲದ ಕಲ್ಲುಮನೆಗಳಿವೆ. ದೇವರ ದಾಸಿಮಯ್ಯನ ಮುದನೂರು ಇದೆ. ಒಂದು ಮುಂಜಾನೆಗೆ ಒಂದೇ ಊರು ಸಾಕು. ಹನ್ನೊಂದರಿಂದ ನಾಲ್ಕರ ತನಕ ದೊಡ್ಡ ಮರದ ನೆರಳಲ್ಲಿ ಗಾಡಿ ನಿಲ್ಲಿಸಿ, ಕಿಟಕಿ ತೆರೆದು ಮಲಗಿ. ಬಿಸಿಲಿಗೆ ನಿಂತ ತಗಡಿನ ಗಾಡಿ ಹೊರಗಿಗಿಂತ ಹೆಚ್ಚು ಕಾಯುತ್ತದೆ. ಮಕ್ಕಳನ್ನು ಐದು ನಿಮಿಷಕ್ಕೂ ಒಳಗೆ ಬಿಟ್ಟು ಹೋಗಬೇಡಿ. ತಂಪಿಗೆಂದು ಎಂಜಿನ್ ಅಥವಾ ಜನರೇಟರ್ ಹಚ್ಚಿ, ಕಿಟಕಿ ಮುಚ್ಚಿ ನಿದ್ದೆಹೋಗುವುದೂ ಬೇಡ, ಅದರ ಹೊಗೆಯ ವಿಷಕ್ಕೆ ವಾಸನೆ ಇರುವುದಿಲ್ಲ. ಯಾರಿಗಾದರೂ ಬೆವರು ನಿಂತು, ಮೈ ಸುಟ್ಟು, ಮಾತು ತೊದಲಿದರೆ ಅದು ಬರೀ ದಣಿವಲ್ಲ. ನೆರಳಿಗೆ ತಂದು, ಮೈಗೆಲ್ಲ ನೀರು ಹಾಕಿ ಗಾಳಿ ಬೀಸುತ್ತ 108ಕ್ಕೆ ಫೋನ್ ಮಾಡಿ.

ಹಾವು, ಚೇಳಿನ ನಾಡು ಇದು. ಹೊರಗೆ ನೆಲದ ಮೇಲೆ ಹಾಸಿಕೊಂಡು ಮಲಗಬೇಡಿ, ಕಟ್ಟುಹಾವು ರಾತ್ರಿ ಬರುವುದು ಹಾಗೆ ಮಲಗಿದವರ ಹತ್ತಿರವೇ. ಕಲ್ಲು ಗುಡ್ಡದಲ್ಲಿ ಗರಗಸ ಮಂಡಲ ಇರುತ್ತದೆ, ಸಣ್ಣದು ಅಂತ ಅಲಕ್ಷ್ಯ ಮಾಡಬಾರದು. ಬೂಟು ಝಾಡಿಸಿ ಹಾಕಿಕೊಳ್ಳಿ. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ, ನೇರವಾಗಿ ಸುರಪುರ ಅಥವಾ ಶಹಾಪುರದ ತಾಲ್ಲೂಕು ಆಸ್ಪತ್ರೆ.

ಊಟಕ್ಕೆ ಪೊಟ್ಟಣದ ತಿಂಡಿ ಹೇರಿಕೊಂಡು ಬರಬೇಡಿ. ಕಡಕ್ ಜೋಳದ ರೊಟ್ಟಿ ಹದಿನೈದು ದಿನ ಕೆಡುವುದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಉಳ್ಳಾಗಡ್ಡಿ ಇದ್ದರೆ ಒಲೆ ಹಚ್ಚುವ ಕೆಲಸವೇ ಇಲ್ಲ. ಈ ಸೆಕೆಯಲ್ಲಿ ಗಾಡಿಯೊಳಗೆ ಒಲೆ ಹಚ್ಚದಿರುವುದೇ ದೊಡ್ಡ ಸುಖ. ಮಧ್ಯಾಹ್ನ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಕುಡಿಯಿರಿ. ಹೊಲದ ಬದುವಿನಲ್ಲಿ ಕೂತವರು ‘ಬರ್ರಿ, ಊಟ ಮಾಡೂಣು’ ಅಂದರೆ ಬೇಡ ಅನ್ನಬೇಡಿ, ಕೂತು ಒಂದು ತುತ್ತಾದರೂ ತಿನ್ನಿ. ನಿಮ್ಮ ಹತ್ತಿರ ಇರುವ ಹಣ್ಣನ್ನೋ ಬೆಲ್ಲವನ್ನೋ ಅವರ ಮಕ್ಕಳಿಗೆ ಕೊಡಿ. ದುಡ್ಡು ಕೊಡಲು ಹೋದರೆ ಅವರಿಗೆ ನೋವಾಗುತ್ತದೆ. ಕೇಳದೆ ಫೋಟೋ ತೆಗೆಯಬೇಡಿ, ಅದರಲ್ಲೂ ಹೆಣ್ಣುಮಕ್ಕಳದು. ಊರಿನಲ್ಲಿ ಬಾಗಿಲು ಮುಚ್ಚಿದ ಮನೆಗಳು ಸಾಲಾಗಿ ಕಂಡರೆ ಪಾಳು ಅಂತ ಒಳಹೊಕ್ಕು ನೋಡಬೇಡಿ. ಆ ಮನೆಯವರು ಬೆಂಗಳೂರಿಗೋ ಮುಂಬೈಗೋ ಗುಳೆ ಹೋಗಿದ್ದಾರೆ. ನೀವು ಇರುವ ಅಪಾರ್ಟ್‌ಮೆಂಟಿನ ಇಟ್ಟಿಗೆ ಹೊತ್ತವರು ಅವರೇ ಇದ್ದಾರು. ಮಳೆಗಾಲಕ್ಕೆ ತಿರುಗಿ ಬರುತ್ತಾರೆ.

ಶಿವರಾತ್ರಿಯಿಂದ ಯುಗಾದಿಯ ತನಕದ ಒಂದು ತಿಂಗಳು ಬರಲು ತಕ್ಕ ಕಾಲ. ಗುಡ್ಡದ ಮೇಲೆ ಮುತ್ತುಗ ಕೆಂಪಗೆ ಹೂಬಿಟ್ಟಿರುತ್ತದೆ, ಬೇವು ಹೂವಿಗೆ ಬಂದಿರುತ್ತದೆ, ರಾತ್ರಿ ಇನ್ನೂ ತಂಪು. ಏಪ್ರಿಲ್ ಎರಡನೇ ವಾರ ದಾಟಿದ ಮೇಲೆ 40 ಡಿಗ್ರಿ ಇಲ್ಲಿ ದಿನನಿತ್ಯದ ಮಾತು. ಮಕ್ಕಳು, ಮುದುಕರು ಜೊತೆಗಿದ್ದರೆ ಆಗ ಬರಲೇಬೇಡಿ. ರಜೆ ಸಿಗಲಿಲ್ಲ ಅಂತಾದರೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.